ಅಕ್ಕನ ಬಾಣಂತನದ ಗಂಟು ವಿಮಾನ ಹತ್ತಿದ್ದು

ನಗುವಂಥ ಪ್ರಸಂಗಗಳು ನನ್ನನ್ನು ಹುಡುಕಿಕೊಂಡು ಬರುವುದಿಲ್ಲ. ನಾನು ಅಕ್ಕನ ಜೊತೆ ಹೊರಟರೆ ಸಾಕು, ಅವು ಮೊದಲೇ ಹೋಗಿ ಅಲ್ಲಿ ಕಾಯುತ್ತ ಕೂತಿರುತ್ತವೆ. ಕೂಡ್ಲಿಗಿ ಸಂತೆಗೆ ಹೋದರೆ ಒಂದು, ಹರಪನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ ಇನ್ನೊಂದು. ಆದರೆ ಎಂಬತ್ತರ ದಶಕದ ಆರಂಭದಲ್ಲಿ ಬೊಂಬಾಯಿಯ ವಿಮಾನ ನಿಲ್ದಾಣದೊಳಗೆ ಒಂದೇ ಬೆಳಿಗ್ಗೆ ನಡೆದವುಗಳ ಮುಂದೆ ಅವೆಲ್ಲ ಲೆಕ್ಕಕ್ಕೇ ಇಲ್ಲ.

ನಾನು ಕೊಟ್ಟೂರಿನ ಹೈಸ್ಕೂಲಿನಲ್ಲಿ ಹಿಂದಿ ಮೇಷ್ಟ್ರು. ಅಕ್ಕನನ್ನು ಕೊಟ್ಟದ್ದು ಹಗರಿಬೊಮ್ಮನಹಳ್ಳಿಗೆ. ಅವಳ ಒಬ್ಬಳೇ ಮಗಳು ಗಂಡನ ಜೊತೆ ಮಸ್ಕತ್‌ನಲ್ಲಿದ್ದಳು. ಅಳಿಯ ಅಲ್ಲಿಯ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುತ್ತಿದ್ದ. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು, ಆದರೆ ಡಾಕ್ಟರು ಪ್ರಯಾಣ ಬೇಡವೇ ಬೇಡ ಎಂದುಬಿಟ್ಟರು. ಅಳಿಯನ ಕಾಗದ ಓದಿ ಹೇಳಿದಾಗ ಅಕ್ಕ, "ಮಗಳು ತವರಿಗೆ ಬರದಿದ್ರ ತವರೇ ಮಗಳ ಹತ್ರ ಹೋಗ್ತೈತಿ, ತಗಿ ಟ್ರಂಕು" ಅಂದಳು.

ಅಳಿಯ ಎರಡು ಟಿಕೆಟ್ ಕಳಿಸಿದ. ಒಂದು ಅಕ್ಕನಿಗೆ. ಇನ್ನೊಂದು ಭಾವನಿಗೆ ಆಗಬೇಕಿತ್ತು, ಆದರೆ ಭಾವನಿಗೆ ಹೊಸಪೇಟೆ ಬಸ್ಸಿನಲ್ಲೇ ವಾಂತಿಯಾಗುತ್ತದೆ. ಹಿಂದಿ ಬರುತ್ತದೆಂಬ ಕಾರಣಕ್ಕೆ ಅದು ನನ್ನ ಪಾಲಿಗೆ ಬಂತು. ಮಗಳಿಗೆ ದಿನ ತುಂಬಿದ್ದವು. ಆ ವಿಮಾನ ತಪ್ಪಿದರೆ ಮುಂದಿನದರಲ್ಲಿ ಜಾಗ ಸಿಗುವುದು ವಾರದ ಮೇಲೆ. ಅಷ್ಟು ಹೊತ್ತಿಗೆ ಮಗಳು ಹೆತ್ತವರಿಲ್ಲದೆ ಹೆತ್ತಿರುತ್ತಾಳೆ ಎಂಬುದು ಅಕ್ಕನ ಸಂಕಟ. ನನಗೂ ಅದೇ ಸಂಕಟ, ಆದರೆ ಸುಳ್ಳೇಕೆ ಹೇಳಲಿ, ವಿಮಾನ ಹತ್ತುವ ಹಿಗ್ಗಿಗೆ ಗುಂತಕಲ್ಲಿನಿಂದ ಬೊಂಬಾಯಿಯವರೆಗೆ ನಾನು ಕಣ್ಣು ಮುಚ್ಚಿರಲಿಲ್ಲ.

೧. ಎಲ್ಲಿಗೆ ಅನ್ನಬಾರದು

ನಮ್ಮ ಕಡೆ ಹೊರಟವರನ್ನು 'ಎಲ್ಲಿಗೆ' ಎಂದು ಕೇಳುವಂತಿಲ್ಲ. ಕೇಳಿದರೆ ಹೋದ ಕೆಲಸ ಕೆಡುತ್ತದೆ. ಯಾರಾದರೂ ಬಾಯಿ ತಪ್ಪಿ ಕೇಳಿದರೆ ಹೊರಟವರು ಹಿಂದಕ್ಕೆ ಬಂದು, ಕೂತು, ನೀರು ಕುಡಿದು, ಮತ್ತೆ ಹೊಸದಾಗಿ ಹೊರಡಬೇಕು.

ನಿಲ್ದಾಣದ ಬಾಗಿಲಲ್ಲಿ ನಿಂತ ಪೊಲೀಸ್ ಕೇಳಿದ, "ಕಹಾಂ ಜಾ ರಹೇ ಹೋ?"

ಅಕ್ಕನಿಗೆ ಹಿಂದಿ ಬಾರದು. ಆದರೆ ಪಕ್ಕದ ಮನೆಯ ಸಾಬರ ಹೆಣ್ಣುಮಕ್ಕಳಿಂದ 'ಕಹಾಂ' ಅಂದರೆ ಎಲ್ಲಿಗೆ ಎಂಬುದೊಂದು ಗೊತ್ತಿತ್ತು. ಅಷ್ಟೇ ಸಾಕಾಯಿತು. ಹತ್ತು ಹೆಜ್ಜೆ ಹಿಂದೆ ಹೋಗಿ, ಟ್ರಂಕಿನ ಮೇಲೆ ಕೂತು, ತಂಬಿಗೆಯ ನೀರು ಕುಡಿದಳು.

"ಏಳಕ್ಕ, ಹೊತ್ತಾತು."

"ತಡಿಯೋ. ಹೊಂಟ ಕೂಡ್ಲೆ ಬಾಯಿ ಹಾಕಿದ. ಹೆತ್ತವ್ವ ಕಲಿಸಿಲ್ಲೇನು ಅವಂಗ?"

ಐದು ನಿಮಿಷದ ಮೇಲೆ ಬಲಗಾಲಿಟ್ಟು ಒಳಗೆ ಬಂದಳು. ಒಳಗೇನು ಕಡಿಮೆಯೇ? ಸಾಮಾನು ಎಳೆಯುವ ಕೂಲಿ ಕೇಳಿದ, ಕಹಾಂ. ಸಾಲು ನಿಲ್ಲಿಸುವವನು ಕೇಳಿದ, ಕಹಾಂ. ಒಳಬಾಗಿಲಲ್ಲಿ ಪಾಸ್‌ಪೋರ್ಟು ನೋಡುವ ಸಾಹೇಬನಿಗಂತೂ ಸಂಬಳ ಬರುವುದೇ ಅದನ್ನು ಕೇಳಲಿಕ್ಕೆ ಎಂದು ಕಾಣುತ್ತದೆ. ಅಕ್ಕ ಪ್ರತಿ ಸಲವೂ ಕೂತಳು. ತಂಬಿಗೆ ಬರಿದಾಯಿತು, ನಲ್ಲಿ ಹುಡುಕಿ ತುಂಬಿಸಿ ತಂದೆ.

ಕಡೆಗೆ ನನಗೊಂದು ಉಪಾಯ ಹೊಳೆಯಿತು. ಟಿಕೆಟ್ ತೋರಿಸುವ ಕೌಂಟರಿಗೆ ಅಕ್ಕನಿಗಿಂತ ಮುಂದೆ ಓಡಿ, ಅಲ್ಲಿದ್ದವನು ತಲೆ ಎತ್ತುವುದರೊಳಗೆ, "ನಾವು ಮಸ್ಕತ್‌ಗೆ ಹೊರಟಿದ್ದೇವೆ!" ಎಂದು ಹಿಂದಿಯಲ್ಲಿ ಕೂಗಿದೆ.

ಅವನು ಬೆಚ್ಚಿಬಿದ್ದ. "ನಾನು ಕೇಳಲೇ ಇಲ್ಲವಲ್ಲ!"

"ಕೈ ಮುಗೀತೀನಿ," ಅಂದೆ, "ಕೇಳಬೇಡಿ."

೨. ಮೊದಲ ಬಾಣಂತಿ

ಅದೇ ಕೌಂಟರಿನವನು ಟ್ರಂಕು ತೂಗಿದ. ಎರಡೂವರೆ ಕಿಲೋ ಹೆಚ್ಚಿತ್ತು. ತೆಗೆಯಿರಿ ಎಂದ.

ಅಕ್ಕ ಅಲ್ಲೇ ನೆಲದ ಮೇಲೆ ಟ್ರಂಕು ಬಿಚ್ಚಿದಳು. ಕೂಸಿನ ಕುಲಾವಿ, ಹಳೆ ಸೀರೆ ಹರಿದ ಬಟ್ಟೆ, ತೇಯುವ ಕಲ್ಲು, ಒಣಕೊಬ್ಬರಿ. ಯಾವುದನ್ನು ಮುಟ್ಟಿದರೂ "ಅದು ಬೇಕು ನನ್ನ ಮಗಳಿಗೆ" ಎನ್ನುತ್ತಿದ್ದಳು. ಹಿಂದೆ ಸಾಲು ಬೆಳೆಯಿತು. ಜನ ಗೊಣಗತೊಡಗಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅಕ್ಕ ಸಾಲನ್ನೊಮ್ಮೆ ನೋಡಿದಳು. ಬಾಣಂತಿಗೆಂದು ಬೆಲ್ಲ, ಕೊಬ್ಬರಿ, ಉತ್ತತ್ತಿ ಹಾಕಿ ಕಟ್ಟಿದ ಅಂಟಿನುಂಡಿಯ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದಳು. ತುಪ್ಪದ ವಾಸನೆ ಹೊಡೆದದ್ದೇ ಗೊಣಗಾಟ ನಿಂತಿತು.

"ಕೈ ಒಡ್ರಿ," ಎಂದು ಒಬ್ಬೊಬ್ಬರಿಗೂ ಹಂಚುತ್ತ ಹೊರಟಳು. ಕೋಟು ಹಾಕಿದವರೂ ಒಡ್ಡಿದರು, ಗಡ್ಡದ ಅರಬನೂ ಒಡ್ಡಿದ. "ಮನ್ಯಾಗ ಬಾಣಂತಿ ಅದಾಳಂತ ತಿಳ್ಕೊಂಡು ತಿನ್ರಿ. ತಿಂದು ನನ್ನ ಮಗಳಿಗೆ ಸುಸೂತ್ರ ಆಗ್ಲಿ ಅನ್ರಿ." ಕನ್ನಡ ಯಾರಿಗೂ ತಿಳಿಯಲಿಲ್ಲ, ತಲೆ ಮಾತ್ರ ಎಲ್ಲರೂ ಆಡಿಸಿದರು.

ಡಬ್ಬಿಯ ತಳದಲ್ಲಿ ಐದು ಉಳಿಸಿಕೊಂಡಳು. ಮತ್ತೆ ತೂಗಿದರೆ ಇನ್ನೂ ಕೂದಲೆಳೆ ಹೆಚ್ಚು. ಮುಳ್ಳನ್ನೇ ನೋಡುತ್ತಿದ್ದ ಕೌಂಟರಿನವನು, ಈ ಕಡೆ ಆ ಕಡೆ ನೋಡಿ, ಎರಡು ಉಂಡೆ ತಾನೇ ತೆಗೆದುಕೊಂಡ. ಮುಳ್ಳು ಸರಿಹೋಯಿತು.

ಮಗಳಿಗೆ ಇನ್ನೂ ಹೆರಿಗೆಯೇ ಆಗಿರಲಿಲ್ಲ, ಅಕ್ಕನ ಮೊದಲ ಬಾಣಂತನ ಆ ಕೌಂಟರಿನವನಿಗೆ ಆಯಿತು.

೩. ನನ್ನ ಹಿಂದಿ

ಅಕ್ಕನ ಕೈಚೀಲ ಮಾತ್ರ ತೂಕಕ್ಕೆ ಹೋಗಿರಲಿಲ್ಲ. ತಪಾಸಣೆಯ ಸಾಹೇಬ ಅದನ್ನು ಮೇಜಿನ ಮೇಲೆ ಸುರಿದ. ಕರಿಪುಡಿಯ ಪೊಟ್ಟಣ, ಬಿಳಿಪುಡಿಯ ಪೊಟ್ಟಣ, ಒಣಗಿದ ಬಜೆಬೇರು, ಲೋಬಾನದ ಹರಳು, ಕೊನೆಗೆ ಸಗಣಿ ತಟ್ಟಿ ಒಣಗಿಸಿದ ನಾಲ್ಕು ಕುಳ್ಳು. ಸಾಹೇಬ ಕುಳ್ಳನ್ನು ಪೆನ್ಸಿಲಿನಿಂದ ಚುಚ್ಚಿದ.

"ಕ್ಯಾ ಹೈ ಯೇ?"

ಇದಕ್ಕೇ ತಾನೆ ನನ್ನನ್ನು ಕರೆತಂದದ್ದು! ಗಂಟಲು ಸರಿಮಾಡಿಕೊಂಡು ಮುಂದೆ ಬಂದೆ. "ಶ್ರೀಮಾನ್, ಯಹ ಸಮಸ್ತ ಸಾಮಗ್ರೀ ನವಪ್ರಸೂತಾ ಸ್ತ್ರೀ ಕೇ ನಿಮಿತ್ತ ಹೈ."

ಸಾಹೇಬ ಪಕ್ಕದವನ ಮುಖ ನೋಡಿದ. ಪಕ್ಕದವನು ಇನ್ನೊಬ್ಬನನ್ನು ಕರೆದ. ನಾನು ಅದನ್ನೇ ಇನ್ನಷ್ಟು ಶುದ್ಧವಾಗಿ ಹೇಳಿದೆ. ಮೂವರೂ ಪುಡಿಯ ಪೊಟ್ಟಣ ಮೂಸತೊಡಗಿದರು. ನನಗೆ ಜೈಲಿನಲ್ಲಿ ಕನ್ನಡ ಪೇಪರು ಕೊಡುತ್ತಾರೋ ಇಲ್ಲವೋ ಎಂದೆಲ್ಲ ಯೋಚನೆ ಬಂತು.

ಅಕ್ಕ ನನ್ನನ್ನು ಮೊಣಕೈಯಿಂದ ಸರಿಸಿದಳು. ಎರಡೂ ಕೈ ತೊಟ್ಟಿಲು ತೂಗಿದ ಹಾಗೆ ತೂಗಿ, "ಬಾಣಂತಿಗೆಪ್ಪ, ಬಾಣಂತಿಗೆ! ಕೂಸಿಗೆ ಹೊಗಿ ಹಾಕಾಕ ಕುಳ್ಳು. ಆ ದೇಶದಾಗ ದನ ಅದಾವೋ ಇಲ್ಲೋ!" ಅಂದಳು.

ಸಾಹೇಬ ಮರಾಠಿಯವನು. ಮುಖ ಅರಳಿತು. "ಬಾಳಂತೀಣ!"

"ಹ್ಞಾಂ, ಅದ!"

ಆತ ಬಜೆ ಮೂಸಿ ಅದರ ಮರಾಠಿ ಹೆಸರು "ವೇಖಂಡ!" ಎಂದ. ಅಕ್ಕನಿಗೆ ಆ ಮಾತು ಗೊತ್ತಿರಲಿಲ್ಲ, ಆದರೂ "ಅದ, ಅದ" ಎಂದಳು. ಅವನು ಮರಾಠಿಯಲ್ಲಿ, ಇವಳು ಕನ್ನಡದಲ್ಲಿ, ಅವನ ಹೆಂಡತಿಯ ಹೆರಿಗೆ, ಇವಳ ಮಗಳ ಬಸುರು, ಎಲ್ಲ ಮಾತಾಡಿ ಮುಗಿಸಿದರು. ಪೊಟ್ಟಣಗಳನ್ನು ಸಾಹೇಬ ತಾನೇ ಚೀಲಕ್ಕೆ ತುಂಬಿಕೊಟ್ಟ. ಆಮೇಲೆ ನನ್ನ ಕಡೆ ಬೆರಳು ಮಾಡಿ ಅಕ್ಕನನ್ನು ಏನೋ ಕೇಳಿ ನಕ್ಕ. ಅಲ್ಲಿದ್ದ ಹುಬ್ಬಳ್ಳಿಯ ಪ್ರಯಾಣಿಕನೊಬ್ಬ ನನಗೆ ಅರ್ಥ ಹೇಳಿದ.

"ಏನಿಲ್ರಿ, 'ಇವರು ಯಾವ ದೇಶದವರು' ಅಂತ ಕೇಳಾಕತ್ತಾರ."

೪. ಗೇಟು

ಕೂತದ್ದು, ಹಂಚಿದ್ದು, ಹರಟಿದ್ದು ಎಲ್ಲ ಸೇರಿ ಹೊತ್ತು ಮೀರಿತ್ತು. ಮೈಕಿನಲ್ಲಿ ನಮ್ಮ ವಿಮಾನದ ಹೆಸರು ಕೇಳಿಸಿತು. "ಅಕ್ಕ, ಗೇಟ್ ಮುಚ್ಚಾಕತ್ತಾರ, ಓಡು!" ಎಂದು ಕೂಗಿದೆ.

ಅಕ್ಕ ಓಡಿದಳು, ಆದರೆ ಗಾಬರಿಯಿಂದಲ್ಲ. "ಗೇಟ್ ಹಾಕಿದ್ರೇನಾತು? ಬಗ್ಗಿ ದಾಟಿದ್ರಾತಪ್ಪ!"

ಹಗರಿಬೊಮ್ಮನಹಳ್ಳಿಯಲ್ಲಿ ಗೇಟ್ ಎಂದರೆ ರೈಲ್ವೆ ಗೇಟ್. ಅದು ಬಿದ್ದಾಗ ನಿಲ್ಲುವುದು ಎತ್ತಿನಗಾಡಿ ಮಾತ್ರ, ಹೆಂಗಸರು ಗಂಡಸರು ಬಗ್ಗಿ ದಾಟುತ್ತಾರೆ.

ನಾವು ಮುಟ್ಟಿದಾಗ ಬಾಗಿಲಿಗೆ ಅಡ್ಡ ಹಗ್ಗ ಬಿದ್ದಿತ್ತು. ಹೊರಗೆ, ವಿಮಾನದ ತನಕ ಜನರನ್ನು ಒಯ್ಯುವ ಕೊನೆಯ ಬಸ್ಸು ಹೊಗೆ ಬಿಡುತ್ತಿತ್ತು. ಹಗ್ಗದ ಬಳಿಯಿದ್ದ ಹುಡುಗಿ ಮುಗಿಯಿತು ಎಂದು ಕೈಯಾಡಿಸಿದಳು. ನಾನು ನನ್ನ ಶುದ್ಧ ಹಿಂದಿಯಲ್ಲಿ ಬೇಡಿಕೊಳ್ಳಲು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಸೆರಗು ಸಿಕ್ಕಿಸಿ, ಬಗ್ಗಿ, ಹಗ್ಗದ ಆ ಕಡೆ ಎದ್ದಳು. ಬಸ್ಸು ಹೊರಟಿತು. ಅಕ್ಕ ಬೆನ್ನು ಹತ್ತಿ ಅದರ ಮೈಗೆ ಧಡಧಡ ಬಡಿದಳು.

"ಹೋಲ್ಡಾನ್! ಹೋಲ್ಡಾ...ನ್!"

ಹಡಗಲಿ ಬಸ್ಸಾಗಲಿ, ವಿಮಾನದ ಬಸ್ಸಾಗಲಿ, ಡ್ರೈವರ್ ಡ್ರೈವರೇ. ಗಕ್ಕನೆ ನಿಲ್ಲಿಸಿದ. ಹುಡುಗಿ ನನ್ನ ಕೈಯ ಚೀಟಿಗಳನ್ನು ಸರಸರ ಹರಿದು, "ಹೋಗಿ, ಹೋಗಿ, ಮೊದಲು ಅವರನ್ನು ಹಿಡೀರಿ!" ಎಂದು ನನ್ನನ್ನು ತಳ್ಳಿದಳು. ನಾನು ಹತ್ತಿದ್ದೇ ಅಕ್ಕ ಒಳಗಿನಿಂದ ಎರಡು ಸಲ ತಟ್ಟಿ "ರೈಟ್!" ಎಂದಳು. ಬಸ್ಸು ಹೊರಟಿತು.

ವಿಮಾನದಲ್ಲಿ ಪಟ್ಟಿ ಕಟ್ಟಿಕೊಂಡು ಕೂತೆವು. ಬಾಗಿಲು ಹಾಕಿದರು. ವಿಮಾನ ಕದಲಲಿಲ್ಲ. ಹತ್ತು ನಿಮಿಷವಾಯಿತು.

"ಯಾಕ್ ನಿಂತೈತೋ?"

"ಗೊತ್ತಿಲ್ಲಕ್ಕ."

"ಅಲ್ಲಿ ನನ್ನ ಮಗಳು ದಾರಿ ನೋಡಾಕತ್ಯಾಳ, ಇದು ಕುಂತೈತಿ." ಅಕ್ಕನ ಕಣ್ಣಲ್ಲಿ ನೀರು. ಬೆಳಿಗ್ಗೆಯಿಂದ ಮೊದಲ ಸಲ ಅವಳು ಹೆದರಿದ್ದು ಕಂಡೆ. ಕೈ ಹಿಡಿಯೋಣ ಎಂದುಕೊಂಡೆ. ಅಷ್ಟರಲ್ಲಿ ಆ ಕೈ ನನ್ನನ್ನು ದಾಟಿ ಹೋಗಿ ಕಿಟಕಿಯ ಪಕ್ಕ ಎರಡೇಟು ಬಿಗಿಯಿತು. "ರೈಟ್!"

ವಿಮಾನ ಹೊರಟೇಬಿಟ್ಟಿತು. ಅಕ್ಕ ಆ ಬದಿಯ ಸೀಟಿನವರ ಕಡೆಗೆ ತಿರುಗಿ, "ಹೇಳೋರಿಲ್ದ ನಿಂತಿತ್ತು, ಪಾಪ," ಎಂದಳು.

ಮಸ್ಕತ್ ನಿಲ್ದಾಣದಲ್ಲಿ ಅಳಿಯ ಕೆದರಿದ ತಲೆಯಲ್ಲಿ ನಿಂತಿದ್ದ. ಬೆಳಿಗ್ಗೆಯೇ ನೋವು ಶುರುವಾಗಿತ್ತು. ನೆಟ್ಟಗೆ ಆಸ್ಪತ್ರೆಗೆ ಹೋದೆವು. ಅಕ್ಕನನ್ನು ಮಗಳ ಹತ್ತಿರ ಬಿಟ್ಟರು. ನಾನೂ ಅಳಿಯನೂ ಬಾಗಿಲ ಹೊರಗೆ ಉಗುರು ಕಚ್ಚುತ್ತ ನಿಂತೆವು. ಒಳಗೆ ಮಗಳು "ಅವ್ವಾ, ಬಂದ್ಯಾ" ಎಂದು ಅಳುವುದು ಕೇಳಿಸಿತು. ಗಂಟೆ ಕಳೆಯಿತು, ಎರಡಾಯಿತು. ಇನ್ನೂ ತಡ ಎಂದು ನರ್ಸ್ ಹೇಳುತ್ತಲೇ ಇದ್ದಳು.

ಆಗ ಒಳಗೆ ಮಂಚದ ಕಬ್ಬಿಣಕ್ಕೆ ಯಾರೋ ಎರಡು ಸಲ ತಟ್ಟಿದ ಸದ್ದು ಕೇಳಿಸಿತು. ಅದರ ಹಿಂದೆಯೇ ಅಕ್ಕನ ಗಟ್ಟಿ ದನಿ:

"ರೈಟ್!"

ಕೂಸು ಕಿರ್ರೆಂದು ಅತ್ತಿತು.