ಮೊಟ್ಟೆ ತಿಂದು ಬಿಟ್ಟ ಉಪವಾಸ

ಇಲ್ಲಿ ಬರೆಯುವ ಕೆಲವು ವಿವರಗಳು ತಪ್ಪಿರಬಹುದು. ಜಿಮ್ಮಿನಲ್ಲಿ ಮೊದಲ ದಿನ ನಾನು ಎತ್ತಿದ್ದು ಎರಡು ಕಿಲೋ ಡಂಬೆಲ್ಲೋ ಮೂರು ಕಿಲೋದ್ದೋ ಎಂಬುದು ಈಗ ಖಚಿತವಿಲ್ಲ. ಮೂರು ಎಂದು ಹೇಳಿಕೊಂಡು ತಿರುಗುತ್ತಿದ್ದೇನೆ, ಮುಂದಿನ ವರ್ಷಕ್ಕೆ ಅದು ಐದಾದರೂ ಆಶ್ಚರ್ಯವಿಲ್ಲ. ದಿನವೂ ಡೈರಿ ಬರೆಯುವವಳು ನಾನು. ಆದರೆ ನಾನು ಹೇಳಿದೆನೆಂದು ಅಂದುಕೊಂಡ ಮಾತು ಮತ್ತು ನಿಜವಾಗಿ ಬಾಯಿಂದ ಹೊರಟ ಮಾತು ಎರಡೂ ಒಂದೇ ಆಗಿರುವುದಿಲ್ಲ ಎಂಬುದು ತಡವಾಗಿ ತಿಳಿಯಿತು. ಅದನ್ನು ತಿಳಿಸಿಕೊಟ್ಟವರು ನನ್ನ ಅತ್ತಿಗೆ.

ಹೊನ್ನಾವರದ ಕಡಲ ಬದಿಯಲ್ಲಿ ನಮ್ಮ ಮನೆಯನ್ನು ನಡುವೆ ಗೋಡೆಯೆತ್ತಿ ಎರಡು ಮಾಡಿಕೊಂಡಿದ್ದೇವೆ. ಆಚೆ ಅಣ್ಣ, ಅತ್ತಿಗೆ, ಈಚೆ ನಾನೊಬ್ಬಳು. ನನ್ನ ಮದುವೆಯ ವಿಷಯ ಈ ಪ್ರಬಂಧದಲ್ಲಿ ಬರುವುದಿಲ್ಲ; ಜೀವನದಲ್ಲೂ ಬರಲಿಲ್ಲ. ಗೋಡೆ ಎತ್ತಿದ ಮೇಸ್ತ್ರಿಗೆ ಹೇಗೆ ಬುದ್ಧಿ ಬಂತೋ, ಎರಡು ಅಡಿಗೆಮನೆಗಳ ನಡುವೆ ಒಂದು ಸಣ್ಣ ಕಿಟಕಿ ಬಿಟ್ಟಿದ್ದ. ಬೆಳಿಗ್ಗೆ ಎಂಟಕ್ಕೆ ಆ ಕಿಟಕಿಯಿಂದ ಅತ್ತಿಗೆಯ ಧ್ವನಿ ಬರುತ್ತಿತ್ತು, "ತಿಂಡಿ ಆತನೇ?" ಆಗಿಲ್ಲ ಎಂದು ಅವರಿಗೆ ಗೊತ್ತು. ಆಗಿಲ್ಲ ಎಂದು ನಾನು ಹೇಳುವುದೂ ಗೊತ್ತು. ಧ್ವನಿಯ ಹಿಂದೆಯೇ ಒಂದು ಕೈ, ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಎರಡು ಚಪ್ಪೆ ದೋಸೆ, ಪಕ್ಕದಲ್ಲಿ ನಿನ್ನೆಯ ಬಂಗಡೆ ಸಾರು. ರಾತ್ರಿ ಕಳೆದ ಮೀನುಸಾರಿನ ರುಚಿಯ ಬಗ್ಗೆ ಬೇರೆಯೇ ಪ್ರಬಂಧ ಬರೆಯಬೇಕು. ಇಲ್ಲಿ ಅದನ್ನು ನೆನೆಯುವುದೂ ಅಪಾಯ.

ನಾನು ಭಟ್ಕಳದ ಒಂದು ಕಾಲೇಜಿನ ಗ್ರಂಥಪಾಲಕಿ. ಒಂದು ದಿನ ಹಳೆಯ ಪತ್ರಿಕೆಗಳ ಕಟ್ಟು ಎತ್ತಲು ಹೋಗಿ, ಕಟ್ಟು ಅಲ್ಲೇ ಉಳಿದು ನಾನು ಮಾತ್ರ ಕೆಳಗೆ ಕುಳಿತೆ. ಡಾಕ್ಟರರು, ಈ ವಯಸ್ಸಿನಲ್ಲಿ ಮಾಂಸಖಂಡ ಕರಗಿ ಆ ಜಾಗಕ್ಕೆ ಕೊಬ್ಬು ಬಂದು ಕೂರುತ್ತದೆ ಎಂದರು. ಬಾಡಿಗೆದಾರರ ಸುದ್ದಿ ಹೇಳಿದ ಹಾಗಿತ್ತು. ಕಾಲೇಜಿನ ಹತ್ತಿರವೇ ಹೆಂಗಸರ ಜಿಮ್ ಒಂದಿತ್ತು. ಅದನ್ನು ನಡೆಸುವ ಶಬಾನಾ ನನ್ನನ್ನು ಮೇಲಿಂದ ಕೆಳಗೆ ನೋಡಿ ನಿಯಮ ಹೇಳಿದಳು: ರಾತ್ರಿ ಎಂಟರಿಂದ ಮರುದಿನ ಮಧ್ಯಾಹ್ನ ಹನ್ನೆರಡರವರೆಗೆ ನೀರು, ಸಕ್ಕರೆಯಿಲ್ಲದ ಕರಿ ಚಹಾ. ಆಮೇಲೆ ಮೊಟ್ಟೆ, ಮೀನು, ಕಾಳು ಹೊಟ್ಟೆ ತುಂಬ. ಸಂಜೆ ಭಾರ ಎತ್ತುವುದು.

"ಬರೀ ಉಪವಾಸ ಮಾಡಿದ್ರೆ ಕೊಬ್ಬಿನ ಜೊತೆ ತೋಳೂ ಹೋಗ್ತದೆ ಮೇಡಂ. ತಿನ್ನೂ ಹೊತ್ತಲ್ಲಿ ಸರಿಯಾಗಿ ತಿನ್ಬೇಕು, ಎತ್ಬೇಕು."

"ನಿಮಗೆ ರಮ್ಜಾನಿನ ಅಭ್ಯಾಸ ಇದೆ, ನನಗೆಲ್ಲಿ?" ಎಂದೆ.

"ಅಯ್ಯೋ, ಅದು ಬೇರೆ. ಅದ್ರಲ್ಲಿ ಮನೆಮಂದಿಯೆಲ್ಲ ಹಸ್ಕೊಂಡಿರ್ತಾರೆ, ಮಜಾ. ಈ ಡಯೆಟ್ಟಿಂದು ಶುರು ಮಾಡಿದ್ರೆ ನಂಗೂ ಹತ್ತು ಗಂಟೆಗೇ ತಲೆ ತಿರುಗ್ತದೆ" ಎಂದು ನಕ್ಕಳು.

ಮರುದಿನ ಬೆಳಿಗ್ಗೆ ಕಿಟಕಿಯಲ್ಲಿ ತಟ್ಟೆ ಬಂತು. "ಬೇಡ ಅತ್ತಿಗೆ, ಇನ್ನು ಹನ್ನೆರಡರ ತನಕ ಉಪವಾಸ" ಎಂದೆ. ತಟ್ಟೆ ಗಾಳಿಯಲ್ಲಿ ನಿಂತಿತು. "ಯಾವ ದೇವ್ರಿಗೇ?" ಎಂಬ ಪ್ರಶ್ನೆ ಬಂತು. ನಾನು ನಕ್ಕು, ದೇವರಿಗಲ್ಲ, ತೋಳಿಗೆ ಎಂದು ಹೇಳಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ನಾನು ತಲೆ ತಗ್ಗಿಸಿ ಸುಮ್ಮನೆ ನಿಂತದ್ದು ಅತ್ತಿಗೆಗೆ ಅಷ್ಟೇ ಸ್ಪಷ್ಟವಾಗಿ ನೆನಪಿದೆ. ನೋಡಿದ್ದ ಮೂರನೆಯವರು ಯಾರೂ ಇಲ್ಲ.

ಅದೇ ವಾರ ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದಿತ್ತು. ಅಣ್ಣ ದೋಣಿಯ ತಾಂಡೇಲ, ಮುಂದಾಳು. ಮೊದಲ ಸಲ ಕಡಲಿಗೆ ಇಳಿದರೆ ವಾರಕ್ಕೂ ಮೇಲೆ ದಡ ಕಾಣುವುದಿಲ್ಲ. ಅತ್ತಿಗೆ ನನ್ನ ಉಪವಾಸ, ಅಣ್ಣನ ಕಡಲು ಎರಡನ್ನೂ ಕೂಡಿಸಿ ಲೆಕ್ಕ ಹಾಕಿದರು: ನಾದಿನಿ ಅಣ್ಣನಿಗಾಗಿ ಹರಕೆ ಹೊತ್ತಿದ್ದಾಳೆ. ಹರಕೆಯನ್ನು ಬಾಯಿಬಿಟ್ಟು ಹೇಳಬಾರದೆಂದು ನನ್ನನ್ನು ಮತ್ತೆ ಕೇಳಲೂ ಇಲ್ಲ. ಊರಿಗೆಲ್ಲ ಮಾತ್ರ ಹೇಳಿದರು; ನನಗದು ತಿಳಿದದ್ದು ಆಮೇಲೆ. ಬಸ್ ನಿಲ್ದಾಣದಲ್ಲಿ ಮೀನಿನ ಬುಟ್ಟಿ ಹೊತ್ತ ಹೆಂಗಸರು ನನಗೆ ಜಾಗ ಬಿಡತೊಡಗಿದರು. "ತಂಗಿ ಅಂದ್ರೆ ಹೀಂಗಿರ್ಬೇಕು" ಎಂದಳೊಬ್ಬಳು. ನನ್ನ ವಯಸ್ಸಿಗೆ ಕೊಡುತ್ತಿರುವ ಗೌರವ ಎಂದುಕೊಂಡು ಸ್ವಲ್ಪ ಬೇಸರವನ್ನೂ ಪಟ್ಟೆ.

ಕಿಟಕಿಯಲ್ಲಿ ತಟ್ಟೆ ಬರುವುದು ನಿಂತಿತು, ಆದರೆ ಅತ್ತಿಗೆ ಬರುವುದು ಹೆಚ್ಚಿತು. ದೋಸೆ ಹೊಯ್ಯುವ ಸದ್ದೂ ಇಲ್ಲ. ಒಬ್ಬರಿಗಾಗಿ ಯಾರು ಕಲ್ಲು ಕಾಯಿಸುತ್ತಾರೆ ಎಂದುಕೊಂಡೆ. ಕರಿ ಚಹಾ ಹಿಡಿದು ನಾನು ಈಚೆ, ಬರಿಗೈಯಲ್ಲಿ ಅವರು ಆಚೆ. ಗಾಳಿ ಎದ್ದಿದೆಯಾ, ಅಣ್ಣನ ಫೋನ್ ಯಾಕೆ ಸಿಗುವುದಿಲ್ಲ, ಪಕ್ಕದ ಮಂಕಿ ಊರಿನವರ ದೋಣಿ ವಾಪಸು ಬಂತಂತೆ ಹೌದಾ, ಅವರು ಮದುವೆಯಾಗಿ ಬಂದ ಹೊಸದರಲ್ಲಿ ಕಡಲಿನ ಸದ್ದಿಗೆ ಹೆದರಿ ಕಿವಿಗೆ ಹತ್ತಿ ಇಟ್ಟುಕೊಂಡು ಮಲಗುತ್ತಿದ್ದುದು. ಇಷ್ಟು ವರ್ಷ ಆ ಕಿಟಕಿಯಲ್ಲಿ ತಟ್ಟೆ ದಾಟಿತ್ತು, ಇಷ್ಟು ಮಾತು ದಾಟಿರಲಿಲ್ಲ. ನನಗೆ ಹತ್ತು ಗಂಟೆಗೆ ತಲೆ ತಿರುಗಲಿಲ್ಲ. ನನ್ನ ದೇಹ ವಿಜ್ಞಾನಕ್ಕೆ ಚೆನ್ನಾಗಿ ಒಗ್ಗಿದೆ ಎಂದು ಶಬಾನಾಳ ಮುಂದೆ ಜಂಬ ಕೊಚ್ಚಿಕೊಂಡೆ.

ಒಂದು ಭಾನುವಾರ ದೋಣಿ ದಡ ಸೇರಿತು. ಅಣ್ಣ ಕ್ಷೇಮ, ಮೀನೂ ಭರ್ತಿ. ಅತ್ತಿಗೆ ಸ್ನಾನ ಮಾಡಿ, ತಲೆಗೆ ಅಬ್ಬಲಿಗೆ ಮುಡಿದು, ನನ್ನ ಹರಕೆಯನ್ನು ಕ್ರಮವಾಗಿ ಬಿಡಿಸಲು ಹಾಲು, ಬಾಳೆಹಣ್ಣು ಹಿಡಿದು ಹಿಂಬಾಗಿಲಿನಿಂದ ಬಂದರು. ಆಗ ಸರಿಯಾಗಿ ಹನ್ನೆರಡು. ನಾನು ಒಂದು ಕೈಯಲ್ಲಿ ಡಂಬೆಲ್ ಎತ್ತುತ್ತ, ಇನ್ನೊಂದು ಕೈಯಿಂದ ಬೇಯಿಸಿದ ಮೊಟ್ಟೆಯನ್ನು ಇಡಿಯಾಗಿ ಬಾಯಿಗೆ ತುಂಬಿಕೊಂಡಿದ್ದೆ. ಇನ್ನೂ ಮೂರು ಸಾಲಾಗಿ ಕಾಯುತ್ತಿದ್ದವು. ಒಲೆಯ ಮೇಲೆ ಬಂಗಡೆ ಹುರಿಯುತ್ತಿತ್ತು.

"ಉಪಾಸ ಬಿಡೂಕೆ ಮೊಟ್ಟೆಯನೇ?"

ಬಾಯಿ ತುಂಬಿದ್ದರಿಂದ ಉತ್ತರ ತಡವಾಯಿತು. ನುಂಗಿ, ನೀರು ಕುಡಿದು, ಮಾಂಸಖಂಡದ ಬಗ್ಗೆ, ಕೊಬ್ಬಿನ ಬಗ್ಗೆ ವಿಶ್ವವಿದ್ಯಾಲಯದಲ್ಲಿ ಕಲಿತ ಕನ್ನಡದಲ್ಲಿ ವಿವರಿಸಿದೆ.

"ಅಂದ್ರೆ ನಿನ್ನ ಅಣ್ಣನ ಹೆಸ್ರಲ್ಲಿ ಅಲ್ಲ?"

"ಅಲ್ಲ ಅತ್ತಿಗೆ. ಇದಕ್ಕೆ" ಎಂದು ತೋಳು ಮಡಿಸಿ ತೋರಿಸಿದೆ.

ಅವರು ಹತ್ತಿರ ಬಂದು ನೋಡಿದರು. "ಎಂತ ಉಂಟೇ ಅಲ್ಲಿ?" ಎಂದರು. ನಕ್ಕರೆಂದೇ ನಾನು ಭಾವಿಸಿದೆ, ನಾನೂ ನಕ್ಕೆ. ಅವರು ನಕ್ಕಿರಲಿಲ್ಲ. ಹಾಲಿನ ಲೋಟವನ್ನು ಮೊಟ್ಟೆಗಳ ಪಕ್ಕದಲ್ಲಿಟ್ಟು, "ನೀ ಹಸ್ಕೊಂಡಿದ್ದೆ ಹೇಳಿ ನಾನೂ ಬೆಳಗ್ಗೆ ಎಂತದೂ ತಿಂದಿದ್ದಿಲ್ಲ. ಇಬ್ರೂ ಸೇರಿ ಹರಕೆ ಹೊತ್ತದ್ದು ಹೇಳಿ ತಿಳ್ಕೊಂಡಿದ್ದೆ. ಹಂಗಾದ್ರೆ ಇಷ್ಟು ದಿನ ನಾನೊಬ್ಳೇಯಾ?" ಎಂದು ಹೊರಟುಹೋದರು.

ಆಮೇಲೆ ಜಗಳವೇನೂ ಆಗಲಿಲ್ಲ. ಆಗಿದ್ದರೆ ರಾಜಿಯಾದರೂ ಆಗುತ್ತಿತ್ತು. ಕಿಟಕಿ ತೆರೆದೇ ಇದೆ. ಎಂಟು ಗಂಟೆಗೆ ಆಚೆ ದೋಸೆಯ ಚುಂಯ್ ಕೇಳುತ್ತದೆ, ಪ್ರಶ್ನೆ ಮಾತ್ರ ಕೇಳುವುದಿಲ್ಲ. ನನಗೂ ಈಗ ಹತ್ತಕ್ಕೇ ತಲೆ ತಿರುಗುತ್ತದೆ. ತೋಳಿನಲ್ಲಿ ಕೊನೆಗೂ ಲಿಂಬೆಹಣ್ಣಿನಷ್ಟು ಗಂಟೊಂದು ಮೂಡಿದೆ. ಶಬಾನಾ ಚಪ್ಪಾಳೆ ತಟ್ಟಿದಳು, ಆದರೆ ಅವಳು ಫೀಸು ಕಟ್ಟಿದವರಿಗೆಲ್ಲ ತಟ್ಟುತ್ತಾಳೆ. "ಎಂತ ಉಂಟೇ ಅಲ್ಲಿ" ಎಂದು ಕೇಳಿದವರಿಗೆ ಅದನ್ನು ತೋರಿಸುವ ದಾರಿ ಗೊತ್ತಾಗಲಿಲ್ಲ.

ಇವತ್ತು ಬೆಳಿಗ್ಗೆ ಎಂಟಕ್ಕೆ ಖಾಲಿ ತಟ್ಟೆಯೊಂದನ್ನು ಹಿಡಿದು ಆ ಕಿಟಕಿಯೊಳಗೆ ತೋಳು ಚಾಚಿದೆ. ಭಾರ ಹಿಡಿದ ಕೈಯನ್ನು ಹೀಗೆ ನೇರ ಚಾಚಿ ನಿಲ್ಲುವುದು ಶಬಾನಾ ಹೇಳಿಕೊಟ್ಟ ವ್ಯಾಯಾಮಗಳಲ್ಲಿ ಎಲ್ಲಕ್ಕಿಂತ ಕಷ್ಟದ್ದು. ಆಚೆ ಮಿಕ್ಸರ್ ತಿರುಗುತ್ತಿತ್ತು, ನಾನು ಕೇಳಿದ್ದು ಅತ್ತಿಗೆಗೆ ಕೇಳಿಸಿತೋ ಇಲ್ಲವೋ. ಮಿಕ್ಸರ್ ನಿಂತ ಮೇಲೆ ಇನ್ನೊಮ್ಮೆ ಕೇಳಿದೆ ಎಂದು ನನ್ನ ನೆನಪು. ತೋಳು ಒಂದಿಷ್ಟೂ ನಡುಗಲಿಲ್ಲ. ಧ್ವನಿಯ ಬಗ್ಗೆ ಅಷ್ಟು ಖಚಿತವಾಗಿ ಹೇಳಲಾರೆ.

"ಅತ್ತಿಗೆ, ತಿಂಡಿ ಆತಾ?"