ಮಾವನ ಐದರಿಂದ ಏಳು

ನನ್ನ ಸೋದರಮಾವನಷ್ಟು ಶಿಸ್ತಿನ ಸಾಹಿತಿ ಕೊಟ್ಟೂರಿನಲ್ಲಿ ಇನ್ನೊಬ್ಬರಿಲ್ಲ, ಬೇಕಾದರೆ ಬಂದು ನೋಡಿ! ಏಳುವ ಹೊತ್ತು, ನಡೆಯುವ ಹೊತ್ತು, ಯೋಚಿಸುವ ಹೊತ್ತು, ಯೋಚಿಸಿದ್ದನ್ನು ಮರೆಯುವ ಹೊತ್ತು, ಎಲ್ಲಕ್ಕೂ ಗೋಡೆಯ ಮೇಲೆ ವೇಳಾಪಟ್ಟಿ. ಹದಿನಾಲ್ಕು ವರ್ಷದಲ್ಲಿ ಇಪ್ಪತ್ತಾರು ಪಟ್ಟಿ ಬದಲಾದವು. ಕಾದಂಬರಿ ಎಲ್ಲಿಗೆ ಬಂತು ಅಂದಿರಾ? ಅದು ಮೂವತ್ತೊಂದನೆಯ ಪುಟದಲ್ಲಿ ಕಾಲು ಚಾಚಿ ಮಲಗಿತ್ತು.

ಮಾವ ಹೈಸ್ಕೂಲಿನ ಗುಮಾಸ್ತರಾಗಿದ್ದವರು. ದಿನಾ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ಕೂತರೆ ಬರವಣಿಗೆ ತಾನಾಗಿಯೇ ಬರುತ್ತದೆ ಎಂದು ನಿವೃತ್ತಿಯಾದ ಹೊಸದರಲ್ಲಿ ಎಲ್ಲೋ ಓದಿದ್ದೇ ತಡ, ಜೋಳದ ಚೀಲ ಇಡುವ ಕೋಣೆ ಖಾಲಿಯಾಯಿತು. ಚೀಲಗಳು ಪಡಸಾಲೆಗೆ ಬಂದವು. ಪಡಸಾಲೆಯಲ್ಲಿದ್ದ ಅತ್ತೆಯ ಹೊಲಿಗೆ ಮಷೀನು ಅಡುಗೆಮನೆಗೆ ಹೋಯಿತು. ಅಡುಗೆಮನೆಯ ನೀರಿನ ಡ್ರಮ್ಮು ಅಂಗಳಕ್ಕೆ ಬಿತ್ತು. ಒಬ್ಬರು ಕೂತು ಬರೆಯಬೇಕಾದರೆ ಇಡೀ ಮನೆ ಎದ್ದು ನಿಲ್ಲಬೇಕೇ?

"ಕುಂದ್ರಲಿ ಬಿಡವ್ವ," ಅತ್ತೆ ನನ್ನ ಕಡೆ ತಿರುಗಿ ನಕ್ಕಿದ್ದರು. "ಒಳಗ ಇದ್ದಷ್ಟ್ ಹೊತ್ತರ ನನ್ನ ಅಡಗಿಗೆ ಹೆಸರಿಡೂದು ತಪ್ತೈತಿ."

ಬೆಳಿಗ್ಗೆ ಐದರಿಂದ ಏಳು, ಒಳಗಿನಿಂದ ಚಿಲಕ. ಮನೆಗೆ ಬೆಂಕಿ ಬಿದ್ದರೂ ಕರೆಯಬಾರದು. ನಡುವೆ ಏಳಬಾರದೆಂದು ಮಾವ ತಮ್ಮ ಕಾಲನ್ನು ಟವೆಲಿನಿಂದ ಮೇಜಿನ ಕಾಲಿಗೆ ಕಟ್ಟಿಕೊಳ್ಳುತ್ತಿದ್ದರು! ಒಂದು ದಿನ ಗೋಡೆಯ ಸಂದಿಯಿಂದ ಚೇಳು ಇಳಿಯಿತು. ಮಾವ ಮೇಜಿನ ಸಮೇತ ಬಾಗಿಲಿಗೆ ಓಡಿ, ಚಿಲಕ ತೆಗೆದು, ಹೊಸ್ತಿಲಲ್ಲಿ ಮೇಜು ಸಿಕ್ಕಿಕೊಂಡು ಬೋರಲು ಬಿದ್ದರು. ಅತ್ತೆ ಅವರನ್ನು ದಾಟಿ ಒಳಗೆ ಹೋಗಿ, ಚಪ್ಪಲಿಯಿಂದ ಚೇಳು ಬಡಿದು, ಗಡಿಯಾರ ನೋಡಿದರು. "ಏಳಕ್ಕ ಇನ್ನ ಹತ್ತು ನಿಮಿಷ ಐತ್ರಿ. ಒಳಗ ಹೋಗ್ರಿ."

ಏಳಾದ ಮೇಲೆ ಮೌನ ನಡಿಗೆ. ಬಾಯಿ ತೆರೆದರೆ ತಲೆಯೊಳಗಿನ ಪಾತ್ರಗಳು ಹಾರಿಹೋಗುತ್ತವಂತೆ! ಬರಿಗಾಲು, ಹೆಗಲ ಮೇಲೆ ಬಿಳಿ ಶಾಲು, ತುಟಿ ಹೊಲಿದ ಬಾಯಿ. ನಮ್ಮೂರಿನಲ್ಲಿ ಇದನ್ನು ಕಂಡವರು ಏನು ತಿಳಿಯುತ್ತಾರೆ? ಯಾವುದೋ ದೊಡ್ಡ ವ್ರತ ಹಿಡಿದಿದ್ದಾರೆ ಅಂತ. ಮಾರ್ಕೆಟ್ಟಿನ ಹತ್ತಿರ ಒಬ್ಬ ಮುದುಕಿ ಕೈಗೆ ಎರಡು ಬಾಳೆಹಣ್ಣಿಟ್ಟು ಕಾಲಿಗೆ ಬಿದ್ದಳು. "ಸ್ವಾಮ್ಯಾರ, ಮಗಳ ಲಗ್ನ ಕೂಡಿ ಬರ್ತೈತೇನ್ರಿ?" ನಾನು ಸ್ವಾಮಿ ಅಲ್ಲ ಎಂದು ಮಾವ ತಲೆ ಅಲ್ಲಾಡಿಸಿದರು. ಲಗ್ನ ಆಗುವುದಿಲ್ಲ ಎಂದು ತಿಳಿದ ಮುದುಕಿ ನಡುಬೀದಿಯಲ್ಲಿ ಗೋಳೋ ಎಂದು ಅತ್ತಳು. ಸಂಜೆ ಅತ್ತೆ ಆಕೆಯ ಮನೆ ಹುಡುಕಿಕೊಂಡು ಹೋದರು. "ನಮ್ಮ ಮನಿಯವ್ರು ಸ್ವಾಮಿ ಅಲ್ಲಬೇ, ಕಾದಂಬರಿ ಬರೀತಾರ" ಎಂದು ಸಮಾಧಾನ ಮಾಡಿ ಬಂದರು.

ಇಲ್ಲಿಯವರೆಗೆ ಬೇಕಾದಷ್ಟು ನಕ್ಕಿದ್ದೇವೆ. ಹೋದ ಶ್ರಾವಣದ ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಮಾವನಿಗೆ ಕೇಳಿಸಿತು. ಬೆಕ್ಕಿರಬೇಕು ಅಂದುಕೊಂಡರು. ಆಮೇಲೆ ಯಾರೋ ಕರೆದ ಹಾಗಾಯಿತು. ಕರೆಯಬಾರದು ಎಂಬ ನಿಯಮ ಇತ್ತಲ್ಲ! ಅದೂ ಅಲ್ಲದೆ ಎಷ್ಟೋ ತಿಂಗಳ ಮೇಲೆ ಆವತ್ತು ಒಂದು ಒಳ್ಳೆಯ ಸಾಲು ಬಂದಿತ್ತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಹದಿನಾಲ್ಕು ವರ್ಷದಲ್ಲಿ ಎಂದೂ ಆಗದ್ದು, ಒಂದೇ ಸಲ ಕೂತು ಮೂರು ಪುಟ! ಏಳು ಹೊಡೆದೊಡನೆ ಅತ್ತೆಗೆ ಹೇಳಲು ಸಂಭ್ರಮದಿಂದ ಚಿಲಕ ತೆಗೆದರು. ಅತ್ತೆ ಒಲೆಯ ಪಕ್ಕ ಬಿದ್ದಿದ್ದರು. ಬಲಗೈ, ಬಲಗಾಲು, ಮಾತು, ಮೂರೂ ಹೋಗಿದ್ದವು.

ಹೊಸಪೇಟೆಯ ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕೇಳಿದ್ದು, ಯಾವಾಗ ಲಕ್ವ ಹೊಡೆಯಿತು ಅಂತ. ಬೇರೆ ಯಾರಾದರೂ ಗೊತ್ತಿಲ್ಲ ಅನ್ನುತ್ತಿದ್ದರೋ ಏನೋ. ಮಾವ ಗಡಿಯಾರದ ಮನುಷ್ಯ! "ಐದೂ ಇಪ್ಪತ್ತಕ್ಕ" ಅಂದರು. ಡಾಕ್ಟರು ಗೋಡೆಯ ಗಡಿಯಾರ ನೋಡಿದರು. ಒಂಬತ್ತೂವರೆ ಆಗಿತ್ತು. "ಇಷ್ಟು ಹೊತ್ತು ಏನ್ ಮಾಡ್ತಿದ್ರಿ?" ಅಂದರು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ದೊಡ್ಡವರು ಎಂಬುದನ್ನೂ ನೋಡದೆ, ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು, "ಸುಟ್ಟ್ ಹಾಕ್ರಿ ಆ ಕಾದಂಬರಿನ!" ಎಂದು ಕೂಗಿಬಿಟ್ಟೆ. ಅವರು ಸುಡಲಿಲ್ಲ, ಆದರೆ ಪೆನ್ನು ಮುಟ್ಟುವುದನ್ನು ಬಿಟ್ಟರು.

ಈಗ ಗೋಡೆಯ ಮೇಲೆ ಇಪ್ಪತ್ತೇಳನೆಯ ಪಟ್ಟಿ ಇದೆ. ಐದರಿಂದ ಏಳು, ಅತ್ತೆಗೆ ಮಾತು ಕಲಿಸುವುದು. ಡಾಕ್ಟರು ದಿನಾ ರೂಢಿ ಮಾಡಿಸಲು ಹೇಳಿದ್ದರು. ರೂಢಿ ಎಂಬ ಶಬ್ದ ಮಾವನ ಕಿವಿಗೆ ಬಿದ್ದರೆ ಕೇಳಬೇಕೇ! ದಿನಕ್ಕೆ ಐದು ಶಬ್ದ. ನೀರು ಅನ್ನು. ಬ್ಯಾಳಿ ಅನ್ನು. ನಾಲ್ಕು ತಿಂಗಳಾದರೂ ಅತ್ತೆಯ ಬಾಯಿಂದ ಜೊಲ್ಲು ಬಿಟ್ಟು ಬೇರೇನೂ ಬರಲಿಲ್ಲ. ಮಾವ ಅದನ್ನು ಒರೆಸಿ ಮತ್ತೆ ಮೊದಲಿನಿಂದ ಹೇಳುತ್ತಿದ್ದರು.

ನಾನು ಹಗರಿಬೊಮ್ಮನಹಳ್ಳಿಯಲ್ಲಿ ಶಾಲೆಯ ಟೀಚರು. ಶನಿವಾರ ಬಸ್ಸು ಹತ್ತಿ ಬಂದು ಅತ್ತೆಯ ತಲೆಗೆ ಎಣ್ಣೆ ಹಚ್ಚಿ ಭಾನುವಾರ ಸಂಜೆ ಹೋಗುತ್ತೇನೆ. ಮಾವನ ಜೊತೆ ಮಾತು ಅಷ್ಟಕ್ಕಷ್ಟೇ ಆಗಿತ್ತು. ಒಂದು ಸಂಜೆ ಅವರೇ ಅಂಗಳದಲ್ಲಿ ನಿಲ್ಲಿಸಿ ಹೇಳಿದರು.

"ಅಕಿಗೆ ಮಾತು ಬಂದ್ ದಿನ ಮೊದಲು ಏನ್ ಕೇಳ್ತಾಳ ಅಂತ ನನಗ ಗೊತ್ತೈತಿ ಯವ್ವಾ. ಅಷ್ಟ್ ಕರದೆ, ಕೇಳಿಸ್ಲಿಲ್ಲೇನು ಅಂತಾಳ. ಕೇಳಿಸಿತ್ತು. ನಾ ಏನ್ ಹೇಳ್ಲಿ?"

"ಮತ್ತ ಯಾಕ ಕಲಸ್ತೀರಿ?" ಕಟುವಾಗಿಯೇ ಕೇಳಿದೆ.

"ಕೇಳ್ಲಿ. ಕೇಳಾಕರ ಅಕಿಗೆ ಮಾತು ಬರ್ಲಿ."

ಹೋದ ಭಾನುವಾರ ಬೆಳಿಗ್ಗೆ ಐದೂವರೆಗೆ ಅತ್ತೆಯನ್ನು ದಿಂಬಿಗೆ ಒರಗಿಸಿ ಕೂರಿಸಿದ್ದೆ. ಮಾವ ಎದುರು ಕೂತು, "ನೀರು ಅನ್ನು," ಅಂದರು. ಅತ್ತೆ ಅನ್ನಲಿಲ್ಲ. ಅವರನ್ನೇ ದಿಟ್ಟಿಸಿ ನೋಡಿದರು. ಕುತ್ತಿಗೆಯ ನರ ಉಬ್ಬಿತು, ತುಟಿ ಒಂದು ಕಡೆ ಸೊಟ್ಟಗಾಯಿತು. ಮಾವ ಕಣ್ಣು ಮುಚ್ಚಿಕೊಂಡರು.

"ಪೇ… ಜು… ಎಷ್ಟ್ ಆದ್ವ್ರಿ?"

ಇಷ್ಟು ವರ್ಷದಲ್ಲಿ ಅತ್ತೆ ಒಮ್ಮೆಯೂ ಕೇಳಿರದ ಪ್ರಶ್ನೆ ಅದು! ಮಾವ ಕಣ್ಣು ತೆರೆದರು. "ಮೂವತ್ನಾಕು," ಅಂದರು. "ಕಡೀ ಮೂರು ಆವತ್ತು ಬರದಿದ್ದು. ನೀ ಬಿದ್ದಿದ್ದಿ. ನನಗ ಕೇಳಿಸಿತ್ತು. ನಾ ಏಳ್ಲಿಲ್ಲ."

ಅತ್ತೆಯ ಕಣ್ಣಿಂದ ನೀರು ಇಳಿಯಿತು. ಆಮೇಲೆ ಎಡಗೈಯಿಂದ ಮಾವನ ಮೊಣಕಾಲು ತಟ್ಟಿದರು.

"ಓ… ದ್ರಿ."

ಮಾವ ಹಾಳೆಗಳನ್ನು ತಂದರು. ಒಂದು ಸಾಲು ಓದಿದರು, ಎರಡನೆಯದಕ್ಕೆ ನಿಂತುಬಿಟ್ಟರು. ಹಾಳೆಗಳನ್ನು ನನ್ನ ಕೈಗಿಟ್ಟು ಅತ್ತೆಯ ಮಡಿಲಲ್ಲಿ ಮುಖ ಹುದುಗಿಸಿದರು. ಉಳಿದದ್ದನ್ನು ನಾನು ಓದಿದೆ.