ಐದನೇ ಹಾಡಿಗೆ ಎದ್ದು ಹೋದವರು

ಬಸವಲಿಂಗನಿಗೆ ಸಿನಿಮಾದ ಬಗ್ಗೆ ಅಭಿಪ್ರಾಯ ಹೇಳುವ ಚಟವಿತ್ತು. ಸಿನಿಮಾ ನೋಡುವ ಚಟ ಮಾತ್ರ ಬಿಟ್ಟುಹೋಗಿತ್ತು.

ಮೊದಲಿನಿಂದ ಅವನು ಹೀಗಿರಲಿಲ್ಲ. ರಾಯಚೂರಿನ ಟಾಕೀಸುಗಳಲ್ಲಿ ಬರೀ ಫ್ಯಾನು ತಿರುಗುತ್ತಿದ್ದ ಕಾಲಕ್ಕೆ ಬೆವರು ಒರೆಸಿಕೊಳ್ಳುತ್ತ ಒಂದೇ ಸಿನಿಮಾವನ್ನು ನಾಲ್ಕು ಸಲ ನೋಡಿದ ಆಸಾಮಿ. ಟಾಕೀಸಿಗೆ ಏಸಿ ಬಂತು ನೋಡಿ, ಅಲ್ಲಿಗೆ ಅವನ ರಸಿಕತನಕ್ಕೆ ಕುತ್ತು ಬಂತು. ಹೊರಗೆ ನಲವತ್ತಮೂರು ಡಿಗ್ರಿ ಬಿಸಿಲು, ಒಳಗೆ ತಂಪು ಗಾಳಿ, ಮೆತ್ತನೆಯ ಸೀಟು. ಮನುಷ್ಯನಾದವನು ಎಷ್ಟಂತ ತಡೆದುಕೊಂಡಾನು? ಪರದೆಯ ಮೇಲೆ ಹೆಸರು ಬರುವಷ್ಟರಲ್ಲಿ ನಿದ್ದೆ ಹತ್ತಿದರೆ, ಗೇಟಿನವನು ಬಂದು ಭುಜ ಅಲುಗಿಸಿದಾಗಲೇ ಎಚ್ಚರ.

ಹಾಗಂತ ಅಭಿಪ್ರಾಯ ಬಿಡಲಾದೀತೇ? ರಾಯಚೂರಿನಿಂದ ದೇವದುರ್ಗಕ್ಕೆ ದಿನವೂ ನೌಕರಿಗೆ ಹೋಗಿಬರುವವರ ಬೆಳಗಿನ ಬಸ್ಸಿನಲ್ಲಿ ಅವನಿಗೊಂದು ಸ್ಥಾನವಿತ್ತು. ಕಿಟಕಿ ಪಕ್ಕದ ಸ್ಥಾನ. ಬಸ್ಸು ಸ್ಟ್ಯಾಂಡಿಗೆ ಬಂದು ನಿಲ್ಲುವ ಮೊದಲೇ ಬ್ಯಾಂಕಿನ ಅಂಬಣ್ಣ ಓಡಿಹೋಗಿ ಕಿಟಕಿಯೊಳಗೆ ಕರವಸ್ತ್ರ ಎಸೆದು ಆ ಸೀಟು ಹಿಡಿಯುತ್ತಿದ್ದ. ಅದಕ್ಕೆ ಬದಲಾಗಿ ಬಸವಲಿಂಗ ಪ್ರತಿ ಸೋಮವಾರ ಹೊಸ ಸಿನಿಮಾದ ಹಣೆಬರಹ ಹೇಳಬೇಕು. ಅವನು ಚೆನ್ನಾಗಿದೆ ಎಂದರೆ ಇಡೀ ಬಸ್ಸು ಹೆಂಡಿರು ಮಕ್ಕಳ ಸಮೇತ ಹೋಗುತ್ತಿತ್ತು.

ಆ ಹಣೆಬರಹ ಅವನಿಗೆ ಸಿಗುತ್ತಿದ್ದದ್ದು ಟಾಕೀಸಿನ ಅಂಗಳದಲ್ಲಿ ಮಿರ್ಚಿ ಕರಿಯುವ ಮುಷರ್ರಫ್‌ನ ಬಂಡಿಯ ಹತ್ತಿರ. ಭಾನುವಾರ ಮಗಳು ಸ್ವಪ್ನಾಳನ್ನು ಕರೆದುಕೊಂಡು ಹೋಗಿ, ಅವಳಿಗೆ ಎರಡು ಮಿರ್ಚಿ ಕೊಡಿಸಿ, ಯಾವ ಹಾಡಿಗೆ ಎಷ್ಟು ಜನ ಎದ್ದು ಹೊರಗೆ ಬಂದರು ಎಂದು ಮುಷರ್ರಫ್‌ನನ್ನು ಕೇಳುತ್ತಿದ್ದ. ಜನ ಎದ್ದು ಬಂದರೆ ಹಾಡು ದಂಡ, ಕೂತರೆ ಹಾಡು ಬಂಗಾರ. ಎರಡು ವರ್ಷದಿಂದ ಈ ಶಾಸ್ತ್ರ ಒಮ್ಮೆಯೂ ಕೈಕೊಟ್ಟಿರಲಿಲ್ಲ.

ಆ ಸೋಮವಾರ ಬಸ್ಸು ಹತ್ತುವಾಗ ಅವನ ತಲೆಯಲ್ಲಿ ಸಿನಿಮಾ ಇರಲಿಲ್ಲ. ಅವನಿಗೆ ರಾಯಚೂರಿನ ಕಚೇರಿಯಲ್ಲೇ ಕೆಲಸ ಮಾಡುವ ಆದೇಶ ಬಂದಿತ್ತು. ಆದರೆ ದೇವದುರ್ಗದ ಕಚೇರಿಯ ಸಾಹೇಬರಾದ ಶರಣಯ್ಯನವರು ಬಿಡುಗಡೆ ಪತ್ರಕ್ಕೆ ಸಹಿ ಹಾಕಬೇಕಲ್ಲ! ಯಾವ ಫೈಲು ಯಾವ ಕಪಾಟಿನಲ್ಲಿದೆ ಎಂದು ಬಸವಲಿಂಗನೊಬ್ಬನಿಗೇ ಗೊತ್ತಿದ್ದರಿಂದ ಅವರು ತಿಂಗಳಿಂದ "ನೋಡೋಣು" ಎನ್ನುತ್ತಲೇ ಇದ್ದರು. ಇವತ್ತು ಸಂಜೆ ಐದರೊಳಗೆ ಸಹಿಯಾಗದಿದ್ದರೆ ರಾಯಚೂರಿನ ಕುರ್ಚಿ ಬೇರೆಯವರ ಪಾಲು.

"ಇವತ್ತರ ಆ ಕಾಗದ ತರ್ರಿ," ಎಂದು ಹೆಂಡತಿ ಸುನಂದಾ ಬುತ್ತಿ ಕೊಡುವಾಗ ಹೇಳಿದ್ದಳು. "ನೀವು ಹೋಗುವಾಗ ಮಗಳು ಮಲಗಿರ್ತಾಳ, ಬರೋದರಾಗ ಮಲಗಿರ್ತಾಳ. ಮೊನ್ನೆ ಬಂದ್ ಅಂತ ಮನಿಯಾಗ ಇದ್ರಲ್ಲಾ, ನಿಮ್ಮನ್ನ ನೋಡಿ ಇವತ್ತ ಐತ್ವಾರೇನವ್ವಾ ಅಂತ ಕೇಳಿದ್ಲು."

ಅಪ್ಪ ಮನೆಯಲ್ಲಿ ಕಂಡರೆ ಭಾನುವಾರವೇ ಇರಬೇಕು ಎಂದುಕೊಂಡ ಮಗಳ ಆ ಮಾತು ಬಸವಲಿಂಗನಿಗೆ ಎದೆಗೇ ತಾಗಿತ್ತು.

ಅಂಬಣ್ಣನಿಗೆ ಇದೆಲ್ಲ ಬೇಕಿರಲಿಲ್ಲ. ಬಸ್ಸು ಊರು ದಾಟುತ್ತಲೇ ಮೊಬೈಲಿನ ರೆಕಾರ್ಡು ಒತ್ತಿ ಬಸವಲಿಂಗನ ಬಾಯಿಗೆ ಹಿಡಿದ.

"ಹೇಳೋ ಬಸವಲಿಂಗಾ. 'ಮೊಸಳಿ ಮಲ್ಲಣ್ಣ' ಹೆಂಗದ? ಗ್ರೂಪಿನಾಗ ಮಂದಿ ಕಾಯಾಕತ್ತಾರ."

"ಏನ್ ಹೇಳಾದು. ಒಂಬತ್ತು ಹಾಡು ಹಾಕ್ಯಾರ. ಅದು ಸಿನಿಮಾ ಅಲ್ಲ, ಭಜನಿ. ಮೊಸಳಿನೂ ಹಾಡ್ತದಂತ."

"ಹಾಡ್ತದಂತ ಅಂದ್ರ? ನೀನು ನೋಡೀಯಿಲ್ಲೋ?"

"ನೋಡೀನೋ! ನಂಬಾಕ ಆಗಲಿಲ್ಲ, ಅದಕ್ಕ ಅಂತ ಅಂದೆ." ಬಸವಲಿಂಗ ಗಂಟಲು ಸರಿಮಾಡಿಕೊಂಡ. "ಬ್ಯಾರೆ ಹಾಡು ಹೆಂಗರ ತಡಕೋಬೌದು. ಆ ಐದನೇ ಹಾಡು ಅದ ನೋಡು, ನೂರಾ ಇಪ್ಪತ್ತು ಮಂದಿ ಎದ್ದು ಓಡಿಬಂದ್ರು. ಅದನ್ನ ಬರದಾನಲ್ಲ, ಅಂವನ್ನ ಹಿಡದು ತಾಲ್ಲೂಕಿನ ಗಡಿ ದಾಟಿಸಿ ಬಿಟ್ಟು ಬರಬೇಕು ನೋಡ್ರಿ."

ಬಸ್ಸಿಗೆ ಬಸ್ಸೇ ನಕ್ಕಿತು. ಗಬ್ಬೂರಿನ ಶಾಲೆಯಲ್ಲಿ ಟೀಚರಾಗಿದ್ದ ಗೋಪಮ್ಮನವರಂತೂ ನಕ್ಕು ನಕ್ಕು ತಮ್ಮ ಸ್ಟಾಪಿನಲ್ಲಿ ಇಳಿಯುವುದನ್ನೇ ಮರೆಯುವವರಿದ್ದರು. ಅಂಬಣ್ಣ ಆ ಮಾತನ್ನು 'ದೇವದುರ್ಗ ಬಸ್ ಬಂಧುಗಳು' ಗ್ರೂಪಿಗೆ ಹಾಕಿದ.

ಬಸವಲಿಂಗ ಕಚೇರಿ ಮುಟ್ಟಿದಾಗ ಜವಾನ ತಾಯಣ್ಣ ಸಾಹೇಬರ ಕೋಣೆಯ ಬಾಗಿಲಿಗೆ ಚೆಂಡುಹೂವಿನ ಮಾಲೆ ಕಟ್ಟುತ್ತಿದ್ದ.

"ಏನೋ ತಾಯಣ್ಣ, ಇವತ್ತ ಯಾವ ಹಬ್ಬ?"

"ಹಬ್ಬಲ್ರೀ ಸರ. ನಮ್ಮ ಸಾಹೇಬ್ರು ಸಿನಿಮಾಕ್ಕ ಹಾಡು ಬರದಾರಂತ್ರಿ! 'ಎಡೆದೊರೆ ಕೋಗಿಲೆ' ಅಂತ ಹೆಸರಿಟ್ಟುಕೊಂಡಾರಂತ. ಯಾರಿಗೂ ಹೇಳಿದ್ದಿಲ್ಲ ನೋಡ್ರಿ. ಮೊಸಳಿ ಸಿನಿಮಾದಾಗ ಐದನೇ ಹಾಡು ಅವರ್ದ."

ಬಸವಲಿಂಗನ ಕೈಯಲ್ಲಿದ್ದ ಬುತ್ತಿ ಚೀಲ ಕೆಳಗೆ ಬಿತ್ತು. ರೊಟ್ಟಿಯಾದ್ದರಿಂದ ಏನೂ ಚೆಲ್ಲಲಿಲ್ಲ.

ಅಷ್ಟರಲ್ಲಿ ಅವನಿಗೆ ಇನ್ನೊಂದು ನೆನಪಾಯಿತು. ಹೋದ ವಾರ ಸಾಹೇಬರ ಜೀಪು ಕೆಟ್ಟು ಅವರು ಎರಡು ದಿನ ಬಸ್ಸಿನಲ್ಲಿ ಬಂದಿದ್ದರು. ಗೋಪಮ್ಮ ಟೀಚರು ಮರ್ಯಾದೆಗೆಂದು ಅವರನ್ನೂ ಗ್ರೂಪಿಗೆ ಸೇರಿಸಿದ್ದರು.

ಓಡಿಹೋಗಿ ಕಪಾಟುಗಳ ಹಿಂದೆ ನಿಂತು ಅಂಬಣ್ಣನಿಗೆ ಫೋನು ಹಚ್ಚಿದ.

"ಅಂಬಣ್ಣಾ, ಅದನ್ನ ತಗದುಹಾಕೋ! ಆ ಹಾಡು ಬರದವರು ನಮ್ಮ ಸಾಹೇಬ್ರು!"

"ಅಯ್ಯಯ್ಯೋ! ತಡಿ ತಡಿ, ತಗೀತೀನಿ." ಮೊಬೈಲು ಒತ್ತುವ ಸದ್ದು ಕೇಳಿಸಿತು. "ಹೋತು ನೋಡು. ನನ್ನ ಮೊಬೈಲಿನಾಗ ಪೂರಾ ಹೋತು."

"ನನ್ನ ಮೊಬೈಲಿನಾಗ ಇನ್ನಾ ಹಂಗೇ ಅದ ಅಲ್ಲೋ!"

"ಹೌದಾ? ಹಂಗಾರ ನನಗೊಬ್ಬನಿಗೆ ಅಳಿಸಿದ್ನೇನೋ... ಇನ್ನ ಅದನ್ನ ದೇವರ ತಗೀಬೇಕು. ಇರ್ಲಿ ಬಿಡು, ಬ್ಯಾರೆ ಮೂರು ಗ್ರೂಪಿಗೆ ಕಳಿಸೀನಿ, ಎಲ್ಲಾರೂ ಭಾಳ ನಗಾಕತ್ತಾರ."

ಹನ್ನೊಂದಕ್ಕೆ ತಾಯಣ್ಣ ಚಹಾ ಕೊಡಲು ಸಾಹೇಬರ ಕೋಣೆಗೆ ಹೋಗಿ ಬಂದ. ಬಂದವನೇ ದನಿ ತಗ್ಗಿಸಿದ.

"ಸರ, ಸಾಹೇಬ್ರು ಮೊಬೈಲು ಕಿವಿಗಿಟ್ಟು ಮೂರು ಸಲ ಏನೋ ಕೇಳಿದ್ರು. ನಿಮ್ಮ ದನಿ ಇದ್ದಂಗಿತ್ರಿ. ಮುಖ ಕೆಂಡ ಆಗಿತ್ತು. ಆಮ್ಯಾಲ ಒಂದು ಕಾಗದಕ್ಕ ಪೆನ್ನು ಮುರಿಯಂಗ ಸಹಿ ಮಾಡಿ, ಡ್ರಾದಾಗ ಇಟ್ಟು ಕೀಲಿ ಹಾಕಿದ್ರು."

ಅದೇನು ಕಾಗದ ಎಂದು ಬಸವಲಿಂಗನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಹದಿನಾರು ವರ್ಷದ ನೌಕರಿಯಲ್ಲಿ ಅವನು ಬೇರೆಯವರಿಗೆ ಎಷ್ಟೋ ನೋಟಿಸು ಟೈಪು ಮಾಡಿಕೊಟ್ಟಿದ್ದ. ಇದು ತನ್ನದೇ.

ಗೋಪಮ್ಮ ಟೀಚರಿಗೆ ಫೋನು ಮಾಡಿದರೆ ಅವರು ಪಾಠ ನಿಲ್ಲಿಸಿ ಉಪಾಯ ಹೇಳಿಕೊಟ್ಟರು. "ಎದಕ್ಕ ಹೆದರ್ತೀರಿ? ಇನ್ನೊಂದು ಮಾತು ರೆಕಾರ್ಡ್ ಮಾಡಿ ಹಾಕ್ರಿ. ಹೊಗಳ್ರಿ. ಕೈಬಿಚ್ಚಿ ಹೊಗಳ್ರಿ."

ಬಸವಲಿಂಗ ಕಪಾಟುಗಳ ನಡುವೆ ಧೂಳು ಕುಡಿಯುತ್ತ ಹೊಗಳಿದ. ಐದನೇ ಹಾಡಿನಂಥ ಹಾಡು ಕನ್ನಡದಲ್ಲಿ ಹುಟ್ಟಿಲ್ಲ, ಬರೆದವರ ಪಾದ ತೊಳೆದು ನೀರು ಕುಡಿಯಬೇಕು ಎಂದೆಲ್ಲ ಹೇಳಿ ಗ್ರೂಪಿಗೆ ಹಾಕಿದ. ಎರಡು ನಿಮಿಷದಲ್ಲಿ ಬಸ್ಸಿನ ಬಂಧುಗಳೆಲ್ಲ ಎದ್ದು ಕೂತರು. ಬೆಳಗ್ಗೆ ಗಡಿ ದಾಟಿಸುವವನು ಮಧ್ಯಾಹ್ನ ಪಾದ ತೊಳೆಯುತ್ತಾನೆಂದರೆ ಏನರ್ಥ ಎಂದು ಒಬ್ಬರು ಕೇಳಿದರು. ಇವನಿಗೆ ಕಿಟಕಿ ಸೀಟು ಕೊಡುವುದೇ ತಪ್ಪು ಎಂದು ಇನ್ನೊಬ್ಬರು. ಅಂಬಣ್ಣ ಎಲ್ಲರಿಗೂ ಅನುಕೂಲವಾಗಲೆಂದು ಬೆಳಗಿನ ಮಾತನ್ನು ಬೇರೆ ಗ್ರೂಪಿನಿಂದ ತಂದು ಮತ್ತೊಮ್ಮೆ ಹಾಕಿದ.

ಸಾಹೇಬರ ಕೋಣೆಯಿಂದ ಕರೆ ಬರಲಿಲ್ಲ. ಗಡಿಯಾರ ಮಾತ್ರ ನಾಲ್ಕು ಹೊಡೆಯಿತು.

ಇನ್ನು ಉಳಿದದ್ದು ಒಂದೇ ದಾರಿ, ಎದುರಿಗೆ ನಿಂತು ಹಾಡನ್ನು ಸಾಲುಸಾಲಾಗಿ ಹೊಗಳುವುದು. ಅದಕ್ಕೆ ಆ ಹಾಡು ಗೊತ್ತಿರಬೇಕಲ್ಲ! ಮುಷರ್ರಫ್‌ಗೆ ಫೋನು ಹೋಯಿತು.

"ಮುಷರ್ರಫ್‌ಭಾಯ್, ಆ ಐದನೇ ಹಾಡು ಏನಿತ್ತು? ಒಳಗಿಂದ ಕೇಳಿಸ್ತಿತ್ತಲ್ಲ?"

"ಅರೇ ಬಸುಭಾಯ್, ಅದು ಮಿರ್ಚಿ ಮ್ಯಾಲಿನ ಹಾಡು! 'ಎಣ್ಣ್ಯಾಗ ಈಸಾಡೋ ಹಸರ ಮೀನೇ' ಅಂತ ಶುರು ಆಗ್ತದ. ಕ್ಯಾ ಹಾಡು ರೀ! ಮಂದಿಗಿ ಬಾಯಾಗ ನೀರು ಬಂದು, ಕುಂದ್ರಾಕ ಆಗಲಾರದ ಓಡಿಬಂದು ಮಿರ್ಚಿ ತಿಂದ್ರು. ತಿಂದು ಮತ್ತ ಒಳಗ ಹೋಗಿ ಒನ್ಸ್ ಮೋರ್ ಅಂದ್ರು. ನಿನ್ನೆ ಹಿಟ್ಟು ಸಾಲಲಿಲ್ಲ ನನಗ."

"ಹಾಡು ಛಲೋ ಅಂತ ಎದ್ದು ಬಂದ್ರಾ? ನಿನ್ನೆನೇ ಯಾಕ ಹೇಳಲಿಲ್ಲೋ ಮಾರಾಯಾ?"

"ನೀವು ಎಷ್ಟು ಮಂದಿ ಅಂತ ಕೇಳಿದ್ರಿ. ಎದಕ್ಕ ಅಂತ ಕೇಳಲಿಲ್ಲ."

ಬಸವಲಿಂಗನಿಗೆ ತನ್ನ ಶಾಸ್ತ್ರದ ಮೇಲೆ ಸಿಟ್ಟು ಬಂತು, ಆದರೆ ಜೀವವೂ ಬಂತು. ಹೇಳಲಿಕ್ಕೆ ಒಂದು ಮಾತು ಸಿಕ್ಕಿತ್ತು. ಅಂಗಿ ಸರಿಮಾಡಿಕೊಂಡು, ಹೂವಿನ ಮಾಲೆ ತಲೆಗೆ ತಾಗದಂತೆ ಬಗ್ಗಿ, ಸಾಹೇಬರ ಕೋಣೆಯೊಳಗೆ ಕಾಲಿಟ್ಟ. ಐದಕ್ಕೆ ಇನ್ನೂ ಇಪ್ಪತ್ತು ನಿಮಿಷವಿತ್ತು.

ಶರಣಯ್ಯನವರು ತಲೆ ಎತ್ತಲಿಲ್ಲ. "ಏನು?"

"ಸರ, ಬೆಳಿಗ್ಗಿ ನಾ ಆಡಿದ್ದು..."

"ಕೇಳೀನಿ. ಮಧ್ಯಾಹ್ನ ಆಡಿದ್ದೂ ಕೇಳೀನಿ. ಹೆದರಿ ಹೊಗಳಿದ್ರ ನನಗ ತಿಳಿಯಂಗಿಲ್ಲೇನು?"

"ಹೆದರಿ ಅಲ್ಲ ಸರ. ನೂರಾ ಇಪ್ಪತ್ತು ಮಂದಿ ಎದ್ದು ಹೋದದ್ದು ಖರೆ. ಎಲ್ಲಿಗಿ ಹೋದ್ರು ಅಂತ ನಾ ಬಸ್ಸಿನಾಗ ಹೇಳಾಕ ಮರತೆ. ಮಿರ್ಚಿ ಬಂಡಿಗೆ ಹೋದ್ರು! ನಿಮ್ಮ ಹಾಡು ಕೇಳಿ ಬಾಯಾಗ ನೀರು ತಡಿಲಾರದ ಹೋದ್ರು. ಮಿರ್ಚಿ ತಿಂದು, ಕಣ್ಣಾಗ ನೀರು ಹಾಕ್ಕೋತ ಒಳಗ ಬಂದು ಒನ್ಸ್ ಮೋರ್ ಅಂದ್ರು. ಹಾಡು ಕೇಳಿ ಅಳಸಿದವರನ್ನ ನೋಡೀನಿ, ನಗಸಿದವರನ್ನ ನೋಡೀನಿ. ಹಸಿವು ಮಾಡಿಸಿದವರನ್ನ ನೋಡಿದ್ದಿಲ್ರೀ ಸರ. 'ಎಣ್ಣ್ಯಾಗ ಈಸಾಡೋ ಹಸರ ಮೀನೇ'... ಇಂಥಾದ್ದು ಬರದ ಮನುಷ್ಯಾ ಈ ತಾಲ್ಲೂಕಿನಾಗ ಸಣ್ಣಾಗಿ ಕುಂತಾನ, ಗಡಿ ದಾಟಿಸಿ ನಾಡಿಗೆಲ್ಲ ತೋರಸಬೇಕು ಅಂತ ಹೇಳಾಂವಿದ್ದೆ. ಬಸ್ಸಿನ ಗದ್ದಲದಾಗ ಅರ್ಧಕ್ಕ ನಿಂತಿತ್ರಿ."

ಶರಣಯ್ಯನವರು ಪೆನ್ನು ಕೆಳಗಿಟ್ಟರು. ಕನ್ನಡಕ ತೆಗೆದರು. ಅವರ ಕಣ್ಣಲ್ಲಿ ನೀರಾಡುತ್ತಿತ್ತು.

"ಮೂವತ್ತು ವರ್ಷ, ಬಸವಲಿಂಗಾ. ಮೂವತ್ತು ವರ್ಷದಿಂದ ಬರಿಯಾಕತ್ತೀನಿ. ನನ್ನ ಹಾಡು ಕೇಳಿ ಎದ್ದು ಹೋದವರೇ ಎಲ್ಲಾ. ಎದಕ್ಕ ಹೋದ್ರು ಅಂತ ತಿಳಕೊಂಡಾಂವ ನೀ ಒಬ್ಬನ."

ಅವರು ಡ್ರಾದ ಕೀಲಿ ತೆಗೆದು ಒಂದು ಕಾಗದ ಹೊರಗೆಳೆದರು. ಬಸವಲಿಂಗ ಮನಸ್ಸಿನಲ್ಲೇ ಕಂಡ ಕಂಡ ಶರಣರಿಗೆಲ್ಲ ಕೈಮುಗಿದ.

"ನೋಡು, ಬೆಳಿಗ್ಗಿ ಸಿಟ್ಟಿನ ಭರದಾಗ ಎಂಥಾ ತಪ್ಪು ಮಾಡಾಂವಿದ್ದೆ. ನನ್ನನ್ನ ಗಡಿ ದಾಟಸ್ತಾನಂತ, ಮೊದಲು ಇವನ್ನ ದಾಟಸ್ತೀನಿ, ಇವನ ಮಾರಿ ಕಣ್ಣಿಗಿ ಬೀಳೋದ ಬ್ಯಾಡ ಅಂತ ನಿನ್ನ ಬಿಡುಗಡಿ ಪತ್ರಕ್ಕ ಸಹಿ ಹಾಕಿಬಿಟ್ಟಿದ್ದೆ. ಅಲ್ಲೀತನ ಫೈಲು ಹುಡುಕಿ ಕೊಡಲಿ, ಐದಕ್ಕ ಕೈಯಾಗ ಕೊಟ್ಟು ಕಳಸಿದ್ರಾತು ಅಂತ ಇಟ್ಟಿದ್ದೆ."

ಬಸವಲಿಂಗನ ಬಾಯಿ ತೆರೆಯಿತು. ಮಾತು ಹೊರಡುವ ಮೊದಲೇ ಕಾಗದ ಎರಡಾಯಿತು, ನಾಲ್ಕಾಯಿತು, ಎಂಟಾಗಿ ಬುಟ್ಟಿಗೆ ಬಿತ್ತು.

"ಸರ! ಸರ, ಅದು..."

"ಅಂಜಬ್ಯಾಡ. ನಿನ್ನನ್ನ ನಾ ಎಲ್ಲಿಗೂ ಬಿಡಂಗಿಲ್ಲ." ಶರಣಯ್ಯನವರು ಎದ್ದು ಬಂದು ಅವನ ಹೆಗಲ ಮೇಲೆ ಕೈಯಿಟ್ಟರು. "ನಿವೃತ್ತಿ ಆಗೋತನ ನನ್ನ ಬಾಜೂಕ ಇರು. ಒಂದು ಸಂಗೀತ ನಾಟಕ ಬರದೀನಿ. ಇಪ್ಪತ್ತೆಂಟು ಹಾಡು. ಮಾನ್ವಿಯಾಗ ಅಕ್ಕಿ ಗಿರಣಿ ವಿರೂಪಣ್ಣ ತನ್ನ ಗೋದಾಮು ಕೊಟ್ಟಾನ, ಪ್ರತಿ ಐತ್ವಾರ ಅಲ್ಲಿ ತಾಲೀಮು. ನೀ ಮುಂದ ಕುಂತು ಅಭಿಪ್ರಾಯ ಹೇಳಬೇಕು."

"ಐತ್ವಾರ ಬ್ಯಾಡ್ರೀ ಸರ, ನನ್ನ ಮಗಳು..."

"ಕರಕೊಂಡು ಬಾ, ನಾಟಕದಾಗೂ ಒಂದು ಮೊಸಳಿ ಅದ, ಆ ಪಾರ್ಟು ಇನ್ನಾ ಯಾರಿಗೂ ಕೊಟ್ಟಿಲ್ಲ. ಮತ್ತ ಇನ್ನ ಮ್ಯಾಲ ಬಸ್ಸಿನಾಗ ಬರಬ್ಯಾಡ. ರಾಯಚೂರಿನಿಂದ ನನ್ನ ಜೀಪಿನಾಗ ಬಾ. ಹೋಗೋವಾಗ ಹದಿನಾಲ್ಕು ಹಾಡು, ಬರೋವಾಗ ಹದಿನಾಲ್ಕು. ಇವತ್ತ ಶುರು ಮಾಡೋಣು."

ಐದೂವರೆಗೆ ಜೀಪು ಹೊರಟಿತು. ಮೊದಲನೇ ಹಾಡು ಗಣಪತಿಯ ಮೇಲೆ, ಎರಡನೆಯದು ಉಳ್ಳಾಗಡ್ಡಿಯ ಮೇಲೆ. ಗಬ್ಬೂರು ಹತ್ತಿರವಾದಾಗ ಹಿಂದಿನಿಂದ ಹಾರ್ನು ಹೊಡೆಯುತ್ತ ಬಸ್ಸು ಮುಂದೆ ಹೋಯಿತು. ಕಿಟಕಿ ಪಕ್ಕದ ಅವನ ಸೀಟು ಖಾಲಿಯಿತ್ತು. ಗ್ರೂಪಿನವರು ಬೈದರೂ ಬಿಡದೆ ಅಂಬಣ್ಣ ಅಲ್ಲಿ ಕರವಸ್ತ್ರ ಹಾಕಿಟ್ಟಿದ್ದ.

ಮೊಬೈಲು ಸದ್ದು ಮಾಡಿತು. ಸ್ವಪ್ನಾ.

"ಅಪ್ಪಾ, ಕಾಗದ ಸಿಕ್ತಾ? ನಾಳೆಯಿಂದ ದಿನಾ ಐತ್ವಾರ ಹೌದಿಲ್ಲೋ?"

"ಮನಿಗಿ ಬಂದು ಹೇಳ್ತೀನವ್ವಾ," ಎಂದಷ್ಟೇ ಅಂದು ಬಸವಲಿಂಗ ಮೊಬೈಲು ಕಿಸೆಗೆ ಹಾಕಿಕೊಂಡ. ಶರಣಯ್ಯನವರು ವಹಿಯ ಹಾಳೆ ತಿರುವಿ, ಕೆಮ್ಮಿ, ಐದನೇ ಹಾಡಿಗೆ ದನಿ ಎತ್ತಿದರು. ಎದ್ದು ಹೋಗೋಣವೆಂದರೆ ಜೀಪು ಓಡುತ್ತಿತ್ತು. ಟಾಕೀಸಿನ ನಿದ್ದೆ ನೆನಪಾಗಿ ಅವನಿಗೆ ಇನ್ನೊಂದು ಆಸೆ ಹುಟ್ಟಿತು.

"ಸರ, ಭಾಳ ಸೆಕಿ ಅದ. ಸ್ವಲ್ಪ ಏಸಿ ಹಾಕಸ್ತೀರೇನು?"

"ಏಸಿ ಬ್ಯಾಡಪಾ," ಎಂದರು ಶರಣಯ್ಯನವರು ಅಕ್ಕರೆಯಿಂದ. "ಅದರ ಗಾಳಿಗೆ ನನ್ನ ಗಂಟಲು ಹಿಡೀತದ."